ನಾನು ಮಲಗಿದ ಮಧ್ಯಾಹ್ನಗಳು

ನೀವು ನೋಡುತ್ತಿರುವುದು ಒಂದು ಖಾಲಿ ಗೋಡೆ. ಅದರ ಬುಡದಲ್ಲಿ ನಾಣ್ಯದಷ್ಟು ಬೆಳಕು, ಪಕ್ಕದಲ್ಲಿ ಒಂದು ಆರಾಮಕುರ್ಚಿ. ಏನೂ ಆಗುತ್ತಿಲ್ಲವಲ್ಲ ಎಂದು ಅನ್ನಿಸಿದರೆ ತಪ್ಪು ನಿಮ್ಮದಲ್ಲ, ನಿಜಕ್ಕೂ ಏನೂ ಆಗುತ್ತಿಲ್ಲ. ಹಿಂದಿನಿಂದ ಕೇಳುತ್ತಿರುವ ಗುಂಯ್ ಎಂಬ ಸದ್ದು ಫ್ಯಾನಿನದು. ನಿರೂಪಣೆಯನ್ನೂ ಇದೇ ಕೋಣೆಯಲ್ಲಿ ಕುಳಿತು ಓದುತ್ತಿರುವುದರಿಂದ ಅದೂ ಸೇರಿಕೊಂಡಿದೆ. ತೆಗೆಯಲು ಅರ್ಧ ದಿನ ಹೆಣಗಿದೆ. ಫ್ಯಾನಿನ ಬೆನ್ನಿಗೆ ನನ್ನ ದನಿಯೂ ಹೊರಟುಹೋಗತೊಡಗಿತು, ಬಿಟ್ಟುಬಿಟ್ಟೆ.

ಕಳೆದ ತಿಂಗಳು ನನಗೆ ಅರವತ್ತು ತುಂಬಿತು. “ಹಳೆಯದನ್ನೆಲ್ಲ ನೆನಪು ಮಾಡಿಕೊಂಡು ಒಂದು ವಿಡಿಯೊ ಮಾಡಮ್ಮ” ಎಂದು ಮಗಳು ದುಂಬಾಲು ಬಿದ್ದಳು. ಕಾಗದ, ಪೆನ್ನು ಹಿಡಿದು ಪಟ್ಟಿ ಮಾಡಿದೆ: ಓದು ಮುಗಿದದ್ದು, ಕೆಲಸ ಸಿಕ್ಕಿದ್ದು, ಮದುವೆ, ಹೆರಿಗೆ, ಬಡ್ತಿ, ನಿವೃತ್ತಿ. ಓದಿ ನೋಡಿದರೆ ಯಾರೋ ಕಚೇರಿಗೆ ಕೊಟ್ಟ ಅರ್ಜಿಯ ಹಾಗಿತ್ತು. ಎಲ್ಲವೂ ನಿಜವೇ, ಆದರೆ ಒಂದೂ ಮೈಗೆ ಹತ್ತಲಿಲ್ಲ. ಹಾಳೆ ಮಡಿಸಿಟ್ಟು ಕುರ್ಚಿಗೆ ಒರಗಿದೆ. ಜೊಂಪು ಹತ್ತಿತು. ಎದ್ದು ಕಣ್ಣುಜ್ಜಿಕೊಳ್ಳುತ್ತಿರುವಾಗ ಹೊಳೆಯಿತು: ಆ ಪಟ್ಟಿ ಬೇಡವೇ ಬೇಡ. ಯಾವ ವಯಸ್ಸಿನಲ್ಲಿ ಮಧ್ಯಾಹ್ನ ಹೇಗೆ ಮಲಗುತ್ತಿದ್ದೆ ಎಂದು ನೆನೆದರೆ ಸಾಕು, ಆ ವಯಸ್ಸು ತಾನಾಗಿಯೇ ಎದ್ದು ಬಂದು ಎದುರಿಗೆ ಕೂರುತ್ತದೆ.

ನಮ್ಮ ಭಾಷೆಗೂ ನಿದ್ದೆಯ ಮೇಲೆ ಎಷ್ಟು ಅಕ್ಕರೆ ನೋಡಿ. ಜೊಂಪು, ಮಂಪರು, ತೂಕಡಿಕೆ, ಕೋಳಿನಿದ್ದೆ, ಕಳ್ಳನಿದ್ದೆ. ನಾನು ಇವೆಲ್ಲದರಲ್ಲೂ ಪಳಗಿದವಳು. ಶುರು ಮಾಡಿದ್ದು ಮಾತ್ರ ಕಳ್ಳನಿದ್ದೆಯಿಂದ.

ಸಾಮಾನ್ಯವಾಗಿ ಮಕ್ಕಳು 3ರಿಂದ 5 ವರ್ಷದೊಳಗೆ ಹಗಲುನಿದ್ದೆ ಬಿಡುತ್ತಾರೆ. ನಾನೂ ಬಿಟ್ಟಿದ್ದೆ. ಬಿಡದವಳು ಅಮ್ಮ. ರಜೆಯ ದಿನ ಮಧ್ಯಾಹ್ನ ಕಿಟಕಿ ಮುಚ್ಚಿ, ಚಾಪೆ ಹಾಸಿ, ನನ್ನನ್ನು ಗೋಡೆಯ ಕಡೆಗೆ ಮಲಗಿಸಿ ತಾನು ಬಾಗಿಲ ಕಡೆಗೆ ಮಲಗುತ್ತಿದ್ದಳು. ನಿದ್ದೆ ಬೇಕಾಗಿದ್ದದ್ದು ನನಗಲ್ಲ, ಅವಳಿಗೆ ಎಂಬುದು ಏಳು ವರ್ಷದ ತಲೆಗೆ ಹೊಳೆಯುವ ವಿಷಯವಲ್ಲ. ನನಗೆ ಅದು ಶುದ್ಧ ಶಿಕ್ಷೆ. ಕಣ್ಣು ಮುಚ್ಚಿ ಬಿದ್ದುಕೊಂಡರೆ, “ನಿಜವಾಗಿ ನಿದ್ದೆ ಬಂದವರ ರೆಪ್ಪೆ ಹಾಗೆ ಅದುರುವುದಿಲ್ಲ” ಎಂದು ಅಮ್ಮ ಹೇಳುತ್ತಿದ್ದಳು. ಅವಳ ಕಣ್ಣೂ ಮುಚ್ಚಿಯೇ ಇರುತ್ತಿತ್ತು. ನನ್ನ ರೆಪ್ಪೆ ಅವಳಿಗೆ ಹೇಗೆ ಕಾಣುತ್ತಿತ್ತೋ!

ಹಾಗೆ ಬಿದ್ದುಕೊಂಡಿದ್ದಾಗ ಸಿಕ್ಕ ಗೆಳೆಯ ಈ ಬೆಳಕು. ಕಿಟಕಿಯ ಮರದ ಬಾಗಿಲಲ್ಲಿ ಮೊಳೆ ಕಿತ್ತುಹೋದ ಕಡೆ ಒಂದು ತೂತಿತ್ತು. ಸೊಟ್ಟ ತೂತು, ಒಂದು ಬದಿ ಸೀಳಿಕೊಂಡದ್ದು. ಅದರೊಳಗಿಂದ ಬಂದ ಬೆಳಕು ಕೋಲಿನಂತೆ ಕೋಣೆಯನ್ನು ಅಡ್ಡಹಾಯುತ್ತಿತ್ತು. ಕೋಲಿನೊಳಗೆ ಧೂಳಿನ ಕಣಗಳು ಯಾವ ಅವಸರವೂ ಇಲ್ಲದೆ ಏಳುತ್ತ, ಬೀಳುತ್ತ, ನಾನು ಮೆಲ್ಲಗೆ ಉಸಿರು ಬಿಟ್ಟರೆ ಗಾಬರಿಯಾಗಿ ಚದುರುತ್ತ ಇರುತ್ತಿದ್ದವು. ನೆಲದ ಮೇಲೆ ಬೆಳಕು ಮೊಟ್ಟೆಯಂತೆ ಉದ್ದಕ್ಕೆ ಎಳೆದುಕೊಂಡಿರುತ್ತಿತ್ತು. ಹೊರಗೆ ಸೂರ್ಯ ಇಳಿದಷ್ಟೂ ಅದು ನೆಲದ ಮೇಲೆ ತೆವಳಿ, ಗೋಡೆಯ ಬುಡ ಮುಟ್ಟಿ, ಮೇಲಕ್ಕೆ ಹತ್ತತೊಡಗುತ್ತಿತ್ತು. ಗೋಡೆ ಹತ್ತಿದ ಮೇಲೆ ಹೆಚ್ಚುಕಡಿಮೆ ಗುಂಡಗಾಗುತ್ತಿತ್ತು.

ಸೊಟ್ಟ ತೂತಿನಿಂದ ಗುಂಡು ಬೆಳಕು ಏಕೆ? ಆಗ ಯಾರನ್ನೂ ಕೇಳಲಿಲ್ಲ. ಕೇಳಿದ್ದರೆ ಮಲಗಿರಲಿಲ್ಲ ಎಂಬುದು ಬಯಲಾಗುತ್ತಿತ್ತು. ಉತ್ತರ ಸಿಕ್ಕಿದ್ದು ಬಹಳ ವರ್ಷಗಳ ಮೇಲೆ. ಗೋಡೆಯ ಮೇಲೆ ಬೀಳುವುದು ತೂತಿನ ಆಕಾರವಲ್ಲ, ಸೂರ್ಯನ ಚಿತ್ರ. ತೂತು ಸಣ್ಣದಿದ್ದು ಗೋಡೆ 3 ಮೀಟರ್ ದೂರವಿದ್ದರೆ ಸೂರ್ಯ ಅಲ್ಲಿ ಸುಮಾರು 3 ಸೆಂಟಿಮೀಟರ್ ಅಗಲಕ್ಕೆ ಇಳಿದು ಬಂದಿರುತ್ತಾನೆ. ಗ್ರಹಣ ಹಿಡಿದಾಗ ಇದೇ ಬೆಳಕು ಕುಡುಗೋಲಿನಂತೆ ಬಾಗುತ್ತದೆ. ಅದೇಕೆ ಹಾಗೆ ಎಂದು ಇಬ್ನ್ ಅಲ್ ಹೈಥಮ್ ಎಂಬ ವಿದ್ವಾಂಸ ಸುಮಾರು ಸಾವಿರ ವರ್ಷಗಳ ಹಿಂದೆಯೇ ಕೂಲಂಕಷವಾಗಿ ಬರೆದಿಟ್ಟಿದ್ದಾನೆ. ಆಕಾಶದಲ್ಲಿ ಸೂರ್ಯ ತನ್ನದೇ ಅಗಲದಷ್ಟು ಸರಿಯಲು ಸುಮಾರು 2 ನಿಮಿಷ ಬೇಕು, ಗೋಡೆಯ ಮೇಲಿನ ಈ ಮರಿಸೂರ್ಯನಿಗೂ ಅಷ್ಟೇ. ಇದೊಂದು ಮಾತ್ರ ನನಗೆ ಏಳನೆಯ ವಯಸ್ಸಿನಲ್ಲೇ ಗೊತ್ತಿತ್ತು. ಮನಸ್ಸಿನಲ್ಲೇ ನಿಧಾನಕ್ಕೆ ನೂರಿಪ್ಪತ್ತರವರೆಗೆ ಎಣಿಸಿದರೆ ಬೆಳಕು ತಾನಿದ್ದ ಜಾಗವನ್ನು ಖಾಲಿ ಮಾಡಿ ಮೇಲಿನ ಜಾಗಕ್ಕೆ ಹೋಗಿರುತ್ತಿತ್ತು.

ಬೆಳಕು ಗೋಡೆಯ ಬುಡ ಮುಟ್ಟುವ ಹೊತ್ತಿಗೆ ಅಮ್ಮನ ಉಸಿರು ಬದಲಾಗುತ್ತಿತ್ತು. ಅದೇ ನನ್ನ ಗಂಟೆ. ಎದ್ದು, ಅವಳ ಕಾಲು ದಾಟಿ, ಬಾಗಿಲಿನ ಚಿಲಕವನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಸರಿಸುತ್ತಿದ್ದೆ. ಎಷ್ಟು ಹುಷಾರಾಗಿ ಸರಿಸಿದರೂ ಕೊನೆಯಲ್ಲಿ ಅದು ಕಿರ್ ಎನ್ನುತ್ತಿತ್ತು. ಎದೆ ಬಾಯಿಗೆ ಬರುತ್ತಿತ್ತು. ಆದರೆ ಅಮ್ಮ ಒಮ್ಮೆಯೂ ಏಳಲಿಲ್ಲ. ಅಂಥ ಕೈಚಳಕ ನನ್ನದು ಎಂದು ಎಷ್ಟೋ ವರ್ಷ ಬೀಗಿದ್ದೇನೆ.

ಹರೆಯದ ಮಧ್ಯಾಹ್ನಗಳಿಗೆ ಬೆಳಕೂ ಇಲ್ಲ, ಎಣಿಕೆಯೂ ಇಲ್ಲ. ಬಿದ್ದೆನೆಂದರೆ ಬಿದ್ದೆ, ಕುಂಭಕರ್ಣನ ವಂಶ. ಆ ವಯಸ್ಸಿನಲ್ಲಿ ದೇಹದ ಒಳಗಡಿಯಾರವೇ ಒಂದೆರಡು ಗಂಟೆ ಹಿಂದೆ ಬೀಳುತ್ತದೆ, ರಾತ್ರಿ ನಿದ್ದೆ ಬರುವುದು ತಡ, ಬೆಳಗ್ಗೆ ಏಳುವುದು ಕಷ್ಟ, ಅದು ಸೋಮಾರಿತನವಲ್ಲ ಎಂದು ಈಗ ಓದುತ್ತೇನೆ. ಆಗ ಇದು ಗೊತ್ತಿದ್ದರೆ ಎಷ್ಟು ಬೈಗುಳ ಉಳಿಯುತ್ತಿತ್ತು! ಒಮ್ಮೆ ಪರೀಕ್ಷೆಗೆಂದು ರಾತ್ರಿಯೆಲ್ಲ ಓದಿ, ಮಧ್ಯಾಹ್ನ ಪುಸ್ತಕದ ಮೇಲೆಯೇ ಮಲಗಿಬಿಟ್ಟಿದ್ದೆ. ಎಚ್ಚರವಾದಾಗ ಕಿಟಕಿಯಲ್ಲಿ ತಿಳಿ ಬೆಳಕು, ಹಕ್ಕಿಗಳ ಗದ್ದಲ. ಗಡಿಯಾರದಲ್ಲಿ ಆರು. ದಡಬಡಿಸಿ ಎದ್ದು, ಹಲ್ಲುಜ್ಜಿ, ತಲೆ ಬಾಚಿ, ಚೀಲ ಹೆಗಲಿಗೇರಿಸಿ ಹೊರಗೆ ಬಂದರೆ ಅಪ್ಪ ಕೆಲಸ ಮುಗಿಸಿ ಚಪ್ಪಲಿ ಬಿಡುತ್ತಿದ್ದಾರೆ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಬೇಗ ಹೋಗಿ ಬಾ, ಕತ್ತಲಾಗುತ್ತದೆ” ಎಂದರು.

ಎಲ್ಲರೂ ನಕ್ಕರು, ಇವತ್ತಿಗೂ ನಗುತ್ತಾರೆ. ನಾನು ಯಾರಿಗೂ ಹೇಳದ ಸಂಗತಿಯೆಂದರೆ, ಎಚ್ಚರವಾದ ಮೊದಲ ಕೆಲವು ಕ್ಷಣ ನನಗೆ ಬೆಳಗೋ ಸಂಜೆಯೋ ಎಂಬುದು ಹಾಗಿರಲಿ, ನಾನು ಯಾರೆಂಬುದೇ ತಿಳಿಯಲಿಲ್ಲ. ಹೆಸರಿಲ್ಲ, ಊರಿಲ್ಲ, ಪರೀಕ್ಷೆಯೂ ಇಲ್ಲ. ಕೆನ್ನೆಗೆ ಪುಸ್ತಕದ ಅಂಚು ಒತ್ತಿದ ನೋವೊಂದು ಬಿಟ್ಟರೆ ಏನೂ ಇಲ್ಲ. ಎಷ್ಟು ಹಗುರವಾಗಿತ್ತು! ಮತ್ತೆ ಅಂಥದ್ದು ಬೇಕೆಂದು ಎಷ್ಟೋ ಸಲ ಮಲಗಿದ್ದೇನೆ. ಬೇಕೆಂದು ಮಲಗಿದರೆ ಬರುವುದಿಲ್ಲ.

ಕೆಲಸಕ್ಕೆ ಸೇರಿದ ಮೇಲಿನ ಹತ್ತು ವರ್ಷಗಳದ್ದು ಬಸ್ಸಿನ ನಿದ್ದೆ. ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತಾರೆ. ಈ ಗಾದೆಯ ಮೇಲೆ ನನ್ನದೊಂದು ತಕರಾರಿದೆ. ನನಗೆ ಆಗ ಚಿಂತೆ ಬುಟ್ಟಿ ತುಂಬ ಇತ್ತು, ಆದರೂ ಕಂಬಿ ಹಿಡಿದು ನಿಂತಲ್ಲೇ ನಿದ್ದೆ ಹೋಗುತ್ತಿದ್ದೆ. ನಿದ್ದೆ ಸುಖವರಿಯದು ಎಂಬ ಇನ್ನೊಂದು ಗಾದೆಯೇ ನನ್ನ ಪಾಲಿಗೆ ಹೆಚ್ಚು ನಿಜ. ಕಚೇರಿಯಲ್ಲಿ ಮಧ್ಯಾಹ್ನ ಎರಡೂವರೆಗೆ ಸಭೆ ಕರೆಯುವವರ ಬಗ್ಗೆ ನಾನು ಹೆಚ್ಚೇನೂ ಹೇಳುವುದಿಲ್ಲ. ಆ ಹೊತ್ತಿನ ಮಂಪರು ದೇಹದ ದಿನಚರಿಯ ಭಾಗ, ಊಟ ಮಾಡದೆ ಕುಳಿತರೂ ಅದು ಬರುತ್ತದೆ. 1994ರಲ್ಲಿ ಪ್ರಕಟವಾದ ನಾಸಾ ವರದಿಯೊಂದರ ಪ್ರಕಾರ, ದೂರದ ಹಾರಾಟದ ಪೈಲಟ್‌ಗಳಿಗೆ ಸರದಿಯ ಮೇಲೆ 40 ನಿಮಿಷ ವಿರಾಮ ಕೊಟ್ಟಾಗ ಅವರು ಸರಾಸರಿ 26 ನಿಮಿಷ ಮಲಗಿದರು, ಮಲಗದವರಿಗಿಂತ ಚುರುಕಾಗಿದ್ದರು. ವಿಮಾನ ಹಾರಿಸುವವರಿಗೆ ಸಿಗುವುದು ಕಡತ ನೋಡುವವರಿಗೆ ಏಕೆ ಸಿಗುವುದಿಲ್ಲವೋ.

ಆಮೇಲೆ ಮಗಳು ಹುಟ್ಟಿದಳು. ನವಜಾತ ಶಿಶು ದಿನಕ್ಕೆ 14ರಿಂದ 17 ಗಂಟೆ ನಿದ್ದೆ ಮಾಡುತ್ತದೆ ಎಂದು ಓದಿದಾಗ ಆಹಾ ಎಂದುಕೊಂಡಿದ್ದೆ. ಆ ಗಂಟೆಗಳು ಚೂರು ಚೂರಾಗಿ ಬರುತ್ತವೆ ಎಂಬುದು ಮನೆಗೆ ಬಂದ ಮೇಲೆ ತಿಳಿಯಿತು. “ಮಗು ಮಲಗಿದಾಗ ನೀನೂ ಮಲಗಿಬಿಡು” ಎಂದು ಬಂದವರೆಲ್ಲ ಹೇಳುತ್ತಿದ್ದರು. ಮಗು ಮಲಗುತ್ತಿದ್ದದ್ದು ನನ್ನ ಎಡತೋಳಿನ ಮೇಲೆ. ಸ್ವಲ್ಪ ಹೊತ್ತಿಗೆ ಬೆರಳ ತುದಿಯಲ್ಲಿ ಜೋಮು ಶುರುವಾಗಿ, ಮೊಣಕೈವರೆಗೆ ಏರಿ, ತೋಳು ನನ್ನದೇ ಅಲ್ಲ ಎನ್ನುವ ಹಾಗಾಗುತ್ತಿತ್ತು. ತೆಗೆದರೆ ಅವಳು ಏಳುತ್ತಾಳೆ. ತೆಗೆಯದಿದ್ದರೆ ನನಗೆ ನಿದ್ದೆಯಿಲ್ಲ. ತಲೆ ಮಾತ್ರ ಹೊರಳಿಸಿ ಅವಳನ್ನು ನೋಡುತ್ತಿದ್ದೆ. ನೆತ್ತಿಯ ಮೆತ್ತನೆ ಜಾಗ ನಾಡಿಯ ಲಯಕ್ಕೆ ಮಿಡಿಯುತ್ತಿತ್ತು. ಕನಸಿನಲ್ಲಿ ಹಾಲು ಕುಡಿಯುವಂತೆ ತುಟಿ ಎರಡು ಸಲ ಅಲುಗಿ ಸುಮ್ಮನಾಗುತ್ತಿತ್ತು. ನಿದ್ದೆಗೆಟ್ಟು ತಲೆ ಸಿಡಿಯುತ್ತಿದ್ದ ದಿನಗಳವು, ಚಂದ ಮಾಡಿ ಹೇಳಲಾರೆ. ಆದರೆ ಆ ಜೋಮು ಹಿಡಿದ ತೋಳನ್ನು ಯಾವ ಬಡ್ತಿಗೂ ಬದಲಾಗಿ ಕೊಡುವುದಿಲ್ಲ.

ಅಮ್ಮ ಹೋಗಿ ಎಂಟು ವರ್ಷವಾಯಿತು. ಈಗ ಮಧ್ಯಾಹ್ನ ಬೇಕಾದಷ್ಟಿದೆ. ವಯಸ್ಸಾದಂತೆ ಗಾಢನಿದ್ದೆ ಕಡಿಮೆಯಾಗುತ್ತದೆ, ಒಳಗಡಿಯಾರ ಮುಂದಕ್ಕೆ ಓಡುತ್ತದೆ. ಹರೆಯದಲ್ಲಿ ಹಿಂದೆ ಬಿದ್ದ ಗಂಟೆಗಳನ್ನೆಲ್ಲ ಈಗ ಬಡ್ಡಿ ಸಮೇತ ಹಿಂತಿರುಗಿಸುತ್ತಿದೆಯೋ ಏನೋ, ಬೆಳಗ್ಗೆ ನಾಲ್ಕಕ್ಕೇ ಎಚ್ಚರವಾಗುತ್ತದೆ. ಮೂರು ಗಂಟೆಯ ಹೊತ್ತಿಗೆ ಈ ಕುರ್ಚಿಯಲ್ಲಿ ಕುಳಿತರೆ ಕೋಳಿನಿದ್ದೆ. ಕಿಟಕಿಯ ಪರದೆಯಲ್ಲಿ ಸಣ್ಣ ತೂತು ಬಿದ್ದದ್ದನ್ನು ನೋಡಿ ಮಗಳು ಹೊಲಿಯಲು ಸೂಜಿ ದಾರ ತಂದಿದ್ದಳು. ಬೇಡವೆಂದೆ.

ಈ ದೃಶ್ಯವನ್ನು ಕಳೆದ ಭಾನುವಾರ ತೆಗೆದೆ. ಕ್ಯಾಮೆರಾವನ್ನು ಟ್ರೈಪಾಡ್ ಮೇಲಿಟ್ಟು, ಬೆಳಕು ಗೋಡೆ ಹತ್ತುವುದನ್ನು ಪೂರ್ತಿ ಹಿಡಿಯಬೇಕೆಂಬುದು ಯೋಜನೆ. ಚಾಪೆಯ ಮೇಲೆ ಮಲಗಿರುವವಳು ಆರು ವರ್ಷದ ಮೊಮ್ಮಗಳು. ಮಲಗುವುದಕ್ಕೆ ಮೊದಲು ಅವಳು ಕೇಳಿದ್ದು ಒಂದೇ ಪ್ರಶ್ನೆ: “ಅಜ್ಜಿ, ಆ ಬೆಳಕಿನ ಸುತ್ತ ಪೆನ್ಸಿಲ್‌ನಿಂದ ಗೆರೆ ಎಳೆಯಲೇ?” ಗೋಡೆಗೆ ಬಣ್ಣ ಬಳಿಸಿ ಇನ್ನೂ ತಿಂಗಳಾಗಿಲ್ಲ. ಕೂಡದು ಎಂದು ಅವಳ ಅಮ್ಮ ಒಳಗಿನಿಂದಲೇ ಕೂಗಿದಳು. “ಮೊದಲು ಮಲಗು ಪುಟ್ಟಿ” ಎಂದು ನಾನೂ ಹೇಳಿದೆ.

ಇನ್ನು ಮುಂದಿನದನ್ನು ವೇಗ ಹೆಚ್ಚಿಸಿ ತೋರಿಸುತ್ತಿದ್ದೇನೆ. ನನ್ನ ತಲೆ ಒಂದು ಕಡೆಗೆ ವಾಲಿತು. ಬಾಯಿ ತೆರೆದುಕೊಂಡದ್ದನ್ನು ಕತ್ತರಿಸಬಹುದಿತ್ತು, ಇರಲಿ ಬಿಡಿ. ಈಗ ಪುಟ್ಟಿ ಒಂದು ಕಣ್ಣು ತೆರೆದಳು. ಎದ್ದಳು. ನನ್ನ ಮುಖದ ಹತ್ತಿರ ಮುಖ ತಂದು ಪರೀಕ್ಷೆ ಮಾಡುತ್ತಿದ್ದಾಳೆ. ಮೇಜಿನ ಡ್ರಾಯರ್ ಎಳೆದಳು. ಸದ್ದು ಕೇಳಿಸಿತಲ್ಲ, ಕಲ್ಲಿನಂತೆ ನಿಂತುಬಿಟ್ಟಳು, ನೋಡಿ. ನಾನು ಅಲುಗಲಿಲ್ಲ. ಪೆನ್ಸಿಲ್ ಸಿಕ್ಕಿತು. ಗೋಡೆಯ ಮುಂದೆ ಮೊಣಕಾಲೂರಿ ಮೊದಲ ವೃತ್ತ ಎಳೆದಳು. ಬೆಳಕು ಅದರಿಂದ ಹೊರಬರುವವರೆಗೆ ಗಲ್ಲಕ್ಕೆ ಕೈಕೊಟ್ಟು ಕುಳಿತಳು. ಎರಡನೆಯದು. ಮೂರನೆಯದು. ನಡುವೆ ಎರಡು ತಪ್ಪಿಹೋದವು, ಕಿಟಕಿಯಾಚೆ ಏನನ್ನೋ ನೋಡಲು ಹೋಗಿದ್ದಳು.

ಇಲ್ಲಿ ಚಿತ್ರವನ್ನು ನಿಲ್ಲಿಸಿ ಸ್ವಲ್ಪ ಹಿಗ್ಗಿಸುತ್ತೇನೆ. ಗೋಡೆಯನ್ನಲ್ಲ, ಕುರ್ಚಿಯನ್ನು. ನನ್ನ ರೆಪ್ಪೆ ನೋಡಿ.