ಬಾಟಲಿ ತುಂಬಿಯೇ ವಾಪಸ್ ಹೋಗುತ್ತಿತ್ತು
(ಮಂಡ್ಯದಲ್ಲಿ ಶಿಕ್ಷಕರ ಸಮಾವೇಶದಲ್ಲಿ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ. ಶಾಲೆಯಲ್ಲಿ ಆರೋಗ್ಯ ಅಂತ ವಿಷಯ ಕೊಟ್ಟಿದ್ದಾರೆ. ಬಿಸಿಯೂಟ, ಹಾಲು, ಮೊಟ್ಟೆ, ಕಬ್ಬಿಣಾಂಶದ ಮಾತ್ರೆ, ಜಂತುಹುಳುವಿನ ಮಾತ್ರೆ ಎಲ್ಲವೂ ನಿಮ್ಮ ಕೈಯಿಂದಲೇ ಮಕ್ಕಳಿಗೆ ಹೋಗುತ್ತವೆ. ಅದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ನಾನು ಬಂದಿರುವುದು ನೀರಿನ ಮಾತಾಡಲು.

ಮೊದಲು ಒಂದು ಪ್ರಶ್ನೆ. ನಿನ್ನೆ ಶಾಲೆ ಶುರುವಾದ ಮೇಲೆ, ಬಿಡುವ ತನಕ, ಎಷ್ಟು ಲೋಟ ನೀರು ಕುಡಿದಿರಿ? ಕೈ ಎತ್ತುವುದು ಬೇಡ, ಮನಸ್ಸಲ್ಲೇ ಎಣಿಸಿ. ಮುಂದಿನ ಸಾಲಿನ ಮಿಸ್ಸುಗಳು ಒಬ್ಬರನ್ನೊಬ್ಬರು ನೋಡಿಕೊಂಡಿರಿ. ಉತ್ತರ ನನಗೆ ಗೊತ್ತಾಯಿತು.

ನನ್ನ ಎಂಟನೇ ಕ್ಲಾಸಿನಲ್ಲಿ ಒಬ್ಬಳು ಹುಡುಗಿ ಇದ್ದಳು. ದಿನಾ ಮೂರನೇ ಪೀರಿಯಡ್‌ಗೆ ತಲೆನೋವು. ಕನ್ನಡಕ ಬೇಕೇನೋ ಅಂತ ಕಣ್ಣು ತೋರಿಸಲು ಹೇಳಿದೆ. ಕಣ್ಣು ಚೆನ್ನಾಗೇ ಇತ್ತು. ಒಂದು ದಿನ ಅವಳ ಬಾಟಲಿ ಎತ್ತಿ ನೋಡಿದೆ, ನೀಲಿ ಮುಚ್ಚಳದ್ದು. ಮಧ್ಯಾಹ್ನ ಮೂರು ಗಂಟೆ. ಅವರಮ್ಮ ಬೆಳಗ್ಗೆ ತುಂಬಿಸಿದ್ದ ನೀರು ಕತ್ತಿನ ಮಟ್ಟದಲ್ಲೇ ಇತ್ತು. ‘ಯಾಕವ್ವ, ನೀರು ಕುಡಿಯಲ್ವಾ?’ ಅಂದೆ. ಕಿವಿ ಹತ್ತಿರ ಬಂದು ಹೇಳಿದಳು: ‘ಕುಡುದ್ರೆ ಒಂದಕ್ಕೆ ಓಗ್ಬೇಕಾಯ್ತದೆ ಮಿಸ್. ಬಾಗ್ಲು ಆಕಳಕಾಗಲ್ಲ.’

ಹೋಗಿ ನೋಡಿದೆ. ಬಾಗಿಲಿತ್ತು. ಚಿಲಕ ಕಿತ್ತುಹೋಗಿ, ಸ್ಕ್ರೂ ಇದ್ದ ಜಾಗದಲ್ಲಿ ನಾಲ್ಕು ತೂತು. ಯಾರೋ ಒಂದು ತೂತಿಗೆ ಬಟ್ಟೆಯ ಚೂರು ಪೋಣಿಸಿ ಗಂಟು ಹಾಕಿದ್ದರು, ಒಳಗಿಂದ ಎಳೆದು ಹಿಡಿಯಲು. ಹುಡುಗಿಯರು ಮೂವರು ಮೂವರಾಗಿ ಹೋಗುತ್ತಿದ್ದರು. ಒಬ್ಬಳು ಒಳಗೆ, ಒಬ್ಬಳು ಬಾಗಿಲಿಗೆ ಬೆನ್ನು ಕೊಟ್ಟು, ಇನ್ನೊಬ್ಬಳು ಬಕೆಟ್ ಹಿಡಿದು. ಜೊತೆಗೆ ಯಾರೂ ಸಿಗದಿದ್ದರೆ ಮನೆಗೆ ಹೋಗುವವರೆಗೂ ತಡೆದುಕೊಳ್ಳುವುದು. ಕನ್ನಂಬಾಡಿ ಕಟ್ಟೆ ಇರುವ ಜಿಲ್ಲೆ ನಮ್ಮದು. ನಾಲೆಯಲ್ಲಿ ನೀರು ಬಿಟ್ಟರೆ ಗದ್ದೆಗೆಲ್ಲ ಹಬ್ಬ. ಅಂಥ ಊರಿನ ಮಗು ತುಂಬಿದ ಬಾಟಲಿ ಪಕ್ಕದಲ್ಲಿಟ್ಟುಕೊಂಡು ಬಾಯಾರಿ ಕೂತಿತ್ತು.

ನನ್ನ ಕಥೆಯೂ ಅದೇ. ಬೆಳಗ್ಗೆ ಕಾಫಿ, ಆಮೇಲೆ ಸಂಜೆ ಮನೆಯಲ್ಲೇ ನೀರು. ಮೂತ್ರದ ಸೋಂಕು ಎರಡು ಸಲ ಬಂತು, ಚಳಿಜ್ವರದ ಸಮೇತ. ನೀರು ಕಡಿಮೆ ಕುಡಿದು ತಡೆದುಕೊಂಡರೆ ರೋಗಾಣು ಹೊರಗೆ ಹೋಗುವುದಿಲ್ಲ, ಅಲ್ಲೇ ಬೆಳೆಯುತ್ತದೆ. ಡಾಕ್ಟರು ಇದನ್ನು ಹೇಳಿದಾಗ ನನಗೆ ಆ ನೀಲಿ ಮುಚ್ಚಳವೇ ಕಣ್ಣ ಮುಂದೆ ಬಂತು. ಒಂದೇ ಬಾಗಿಲು, ಇಬ್ಬರಿಗೂ ಕಾಯಿಲೆ. ಮೇಷ್ಟ್ರ ಆರೋಗ್ಯ ಬೇರೆ, ಮಕ್ಕಳ ಆರೋಗ್ಯ ಬೇರೆ ಅಂತ ಎರಡು ತರಬೇತಿ ಮಾಡುತ್ತೇವಲ್ಲ, ಅದಕ್ಕೇ ನನ್ನ ತಕರಾರು.

2019ರಲ್ಲಿ ಕೇರಳದ ಶಾಲೆಗಳಲ್ಲಿ ನೀರು ಕುಡಿಯಲೆಂದೇ ಗಂಟೆ ಹೊಡೆಯಲು ಶುರುಮಾಡಿದರು. ನಮ್ಮಲ್ಲೂ ಬಂತು. ತುಂಬ ಒಳ್ಳೆಯ ಕೆಲಸ. ಆದರೆ ಗಂಟೆ ಹೊಡೆದಾಗ ಹುಡುಗಿಯರ ಮುಖ ನೋಡಿ. ತುಟಿ ಒದ್ದೆ ಮಾಡಿಕೊಂಡು ಮುಚ್ಚಳ ತಿರುಗಿಸುತ್ತಾರೆ. ಗಂಟೆಯ ಜೊತೆ ಚಿಲಕವೂ ಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಗಂಡು ಮಕ್ಕಳಿಗೆ, ಹೆಣ್ಣು ಮಕ್ಕಳಿಗೆ ಬೇರೆ ಬೇರೆ ಶೌಚಾಲಯ ಇರಬೇಕು ಅಂತಿದೆ, ಕುಡಿಯುವ ನೀರೂ ಇದೆ. ಚಿಲಕ ನಾವು ನೋಡಿಕೊಳ್ಳಬೇಕು. ಮುಟ್ಟಿನ ದಿನಗಳಲ್ಲಿ ಪ್ಯಾಡ್ ಕೈಗೆ ಕೊಟ್ಟರೂ, ಬದಲಿಸಲು ಬಾಗಿಲು ಮುಚ್ಚಬೇಕಲ್ವಾ? ಹಾಜರಿ ಪುಸ್ತಕದಲ್ಲಿ ತಿಂಗಳು ತಿಂಗಳು ಅದೇ ಹೆಸರಿನ ಮುಂದೆ ಎರಡು ದಿನ ಖಾಲಿ ಯಾಕೆ ಅಂತ ಒಮ್ಮೆ ನೋಡಿ.

ಇನ್ನು ಗಂಟಲು. ನಮ್ಮ ಹೆಂಗಸರ ಗಂಟಲಲ್ಲಿ ಧ್ವನಿಯ ಪಟ್ಟಿಗಳು ಸೆಕೆಂಡಿಗೆ ಸುಮಾರು 200 ಸಲ ಅದುರುತ್ತವೆ. ಒಣಗಿದ ಗಂಟಲಲ್ಲಿ ಐವತ್ತು ಮಕ್ಕಳ ಗಲಾಟೆಯ ಮೇಲೆ ಕೂಗಿದರೆ ಅವು ಊದಿಕೊಳ್ಳದೆ ಇನ್ನೇನು? ನನ್ನ ಧ್ವನಿ ಪೂರ್ತಿ ಕಟ್ಟಿಹೋದಾಗ ಮೈಸೂರಿಗೆ ಹೋದೆ, ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ. 1965ರಿಂದ ನಮ್ಮ ಪಕ್ಕದಲ್ಲೇ ಇದೆ, ನಾವು ಹೋಗುವುದಿಲ್ಲ. ಗುಟುಕು ಗುಟುಕಾಗಿ ನೀರು ಕುಡಿಯಿರಿ, ಪದೇ ಪದೇ ಕ್ಯಾಕರಿಸಬೇಡಿ, ಪಿಸುಮಾತೂ ಬೇಡ ಅಂದರು. ನೋಡಿ, ಅಲ್ಲೂ ನೀರೇ. ಈಗ ಕೂಗುವುದು ಬಿಟ್ಟು ಚಪ್ಪಾಳೆ ತಟ್ಟುತ್ತೇನೆ. ಮೊದಲ ದಿನ ಮಕ್ಕಳು ಯಾರದೋ ಹುಟ್ಟುಹಬ್ಬ ಅಂತ ತಾವೂ ಜೋರಾಗಿ ತಟ್ಟಿದರು.

ಚೀಟಿ ಬಂತು, ಐದೇ ನಿಮಿಷವಂತೆ. ಬೆನ್ನುನೋವು, ಕಾಲಿನ ನರ ಉಬ್ಬುವುದು ಬರೆದುಕೊಂಡಿದ್ದೆ, ಬಿಡುತ್ತೇನೆ. ಕ್ಲಾಸಿನಲ್ಲಿ ಒಂದು ಕುರ್ಚಿ ಇರಲಿ, ಅದರಲ್ಲಿ ಕೂರಿ. ಮನಸ್ಸಿನ ವಿಷಯ ಮಾತ್ರ ಬಿಡಲಾರೆ. ಮನಸ್ಸಿಗೆ ಕಷ್ಟವಾದಾಗ ಫೋನ್ ಮಾಡಲು ಸರ್ಕಾರದ ಸಹಾಯವಾಣಿ ಇದೆ, ಟೆಲಿ ಮಾನಸ್, ನಂಬರ್ 14416. ದುಡ್ಡಿಲ್ಲ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಸ್ಟಾಫ್ ರೂಮಿನ ಗೋಡೆಗೂ ಬರೆಸಿ, ಮಕ್ಕಳ ಕಾರಿಡಾರಿಗೂ ಬರೆಸಿ.

ಆ ಹುಡುಗಿ ಏನಾದಳು ಅಂತ ಹೇಳಲಿಲ್ಲ. ಪೇಟೆ ಬೀದಿಯಲ್ಲಿ ಚಿಲಕ ಕೊಂಡೆ, ಅರವತ್ತು ರೂಪಾಯಿ. ಅಡುಗೆಯವರ ಮಗ ಹಾಕಿಕೊಟ್ಟ. ಎರಡನೇ ವಾರ ಪಾಠದ ಮಧ್ಯೆ ಎದ್ದು ನಿಂತು, ಖಾಲಿ ಬಾಟಲಿ ಎತ್ತಿ ತೋರಿಸಿ, ‘ಮಿಸ್, ತುಂಬ್ಕೊಬರ್ಲಾ?’ ಅಂದಳು.

ಊಟಕ್ಕೆ ಮುಂಚೆ ಹೋಗುವವರು ಹೋಗಿ ಬನ್ನಿ. ಈ ಸಭಾಂಗಣದ ಹಿಂದೆ, ಎಡಗಡೆಗೆ. ಚಿಲಕ ಸರಿಯಾಗಿದೆ, ಬೆಳಗ್ಗೆಯೇ ನೋಡಿ ಬಂದಿದ್ದೇನೆ.