ಮೀನು ಹೊಳೆ ಹತ್ತಬೇಕು

ಕೇಳುಗರಿಗೆ ನಮಸ್ಕಾರ. ಕಂಪ್ಲಿ, ಗಂಗಾವತಿ, ಸಿರುಗುಪ್ಪ, ಮಾನ್ವಿ ಕಡೆ ತುಂಗಭದ್ರಾ ಹೊಳೆದಂಡೆಯಲ್ಲಿ ರೇಡಿಯೊ ಹಚ್ಚಿ ಕೂತವರಿಗೆ ಇವತ್ತು ನನ್ನದು ಒಂದೇ ಮಾತು. ಮೀನು ಹೊಳೆ ಹತ್ತಬೇಕು.

ಮುಂಗಾರಿನ ಕೆಂಪು ನೀರು ಬಂತೆಂದರೆ ತತ್ತಿ ತುಂಬಿದ ಮೀನು ಹರಿವಿಗೆ ಎದುರಾಗಿ ಈಜುತ್ತದೆ. ಮೇಲೆ ಕಲ್ಲು, ಮರಳಿನ ಜಾಗ ಹುಡುಕಿ ತತ್ತಿ ಇಡುತ್ತದೆ. ನಡುವೆ ಗೋಡೆ ಸಿಕ್ಕರೆ ಅದರ ಬುಡದಲ್ಲೇ ಸುತ್ತುತ್ತದೆ, ಅಲ್ಲೇ ಬಲೆಗೆ ಬೀಳುತ್ತದೆ. ಆ ವರ್ಷದ ಮರಿ ಹೋದಂತೆಯೇ.

ನಾನು ಎಂಟನೇ ತರಗತಿಯಲ್ಲಿದ್ದೆ. ಸೋದರಮಾವ ಹರಿಗೋಲಿನಲ್ಲಿ ಆನೆಗೊಂದಿ ಹತ್ತಿರದ ಹಳೆ ಒಡ್ಡಿಗೆ ಕರೆದೊಯ್ದರು. ವಿಜಯನಗರದ ಅರಸರ ಕಾಲದ್ದು. ಬಂಡೆ ಪೇರಿಸಿ ಕಟ್ಟಿದ ತಗ್ಗಿನ ಒಡ್ಡು. ಹೊಳೆ ಅದರ ಮೇಲೇ ಹರಿಯುತ್ತಿತ್ತು. "ಸುಮ್ನೆ ನೋಡು" ಅಂದರು. ಎಷ್ಟೋ ಹೊತ್ತು ಏನೂ ಇಲ್ಲ. ಆಮೇಲೆ ನೊರೆಯೊಳಗಿಂದ ಒಂದು ಮೀನು ಚಂಗನೆ ಹಾರಿತು. ಬಂಡೆಗೆ ಬಡಿದು ಬಿತ್ತು. ಮತ್ತೆ ಹಾರಿತು, ಮತ್ತೆ ಬಿತ್ತು. ಮೂರನೇ ಸಲ ಎರಡು ಬಂಡೆಗಳ ಸಂದಿಯಲ್ಲಿ ಬಾಲ ಬಡಿಯುತ್ತಾ ತೂರಿ ಮೇಲೆ ಹೋಯಿತು! ಮಾವನ ಕೈಯಲ್ಲಿ ಬಲೆ ಇತ್ತು, ಬೀಸಲಿಲ್ಲ. "ಹೊಟ್ಟೆ ತುಂಬ ತತ್ತಿ ಐತಿ, ಹೋಗ್ಲಿ ಬಿಡು" ಅಂದರು. ಆ ಒಡ್ಡಿನಿಂದ ಗದ್ದೆಗೂ ನೀರು ಹೋಗುತ್ತಿತ್ತು, ಮೀನಿಗೂ ದಾರಿ ಇತ್ತು ನೋಡಿ.

1953ರಲ್ಲಿ ತುಂಗಭದ್ರಾ ಡ್ಯಾಮ್ ಮುಗಿಯಿತು. ನಮ್ಮ ಭತ್ತಕ್ಕೆ ಅದು ಬೇಕೇ ಬೇಕು. ಆದರೆ 49 ಮೀಟರ್ ಗೋಡೆಯನ್ನು ಯಾವ ಮೀನು ಹಾರೀತು? ಹುಲ್ಲು ಮೇಯುವ ಹರಗಿ ಮೀನು ಅಳಿವಿನ ಅಂಚಿಗೆ ಬಂದಿದೆ. ಈಗಿನ ಹುಡುಗರಿಗೆ ಅದರ ಹೆಸರೂ ಗೊತ್ತಿಲ್ಲ. ಹಾವುಮೀನಿಗೆ ಇನ್ನೂ ಕಷ್ಟ. ಅದು ಹುಟ್ಟುವುದು ಸಮುದ್ರದಲ್ಲಿ, ಬೆಳೆಯುವುದು ಹೊಳೆಯಲ್ಲಿ. ಬಂಗಾಳ ಕೊಲ್ಲಿಯಿಂದ ಇಲ್ಲಿಗೆ ಬರಬೇಕಾದರೆ ವಿಜಯವಾಡದ ಬ್ಯಾರೇಜು, ನಾಗಾರ್ಜುನ ಸಾಗರ, ಶ್ರೀಶೈಲ, ಸುಂಕೇಸುಲ, ನಮ್ಮ ರಾಜೋಳಿಬಂಡಾ, ಈ ಅಡ್ಡಗಟ್ಟೆಗಳನ್ನೆಲ್ಲ ದಾಟಬೇಕು.

"ಡ್ಯಾಮಿಗೆ ಮರಿ ಬಿಡ್ತಾರಲ್ಲ ಸಾರ್" ಅನ್ನುತ್ತೀರಿ. ಎಷ್ಟು ಸಲ ಹೇಳಲಿ? ಹಾಗೆ ಬಿಡುವ ಕಾಟ್ಲಾ, ರೋಹು ಮೀನು ಮೂಲತಃ ಗಂಗೆಯ ಕಡೆಯವು. ಅವನ್ನು ಬಿಟ್ಟರೆ ಹರಗಿ ವಾಪಸ್ ಬರುತ್ತದೆಯೇ? ನಮ್ಮ ಹೊಳೆಯ ಮೀನು ಹೊಳೆ ಹತ್ತಬೇಕು.

ಸಮಯ ಆಗುತ್ತಾ ಬಂತು. ತಗ್ಗಿನ ಬ್ಯಾರೇಜಿಗೆ ಉಪಾಯ ಇದೆ. ಪಕ್ಕದಲ್ಲಿ ಒಂದು ಇಳಿಜಾರು ಕಾಲುವೆ, ಅದರಲ್ಲಿ ಅಲ್ಲಲ್ಲಿ ಕಲ್ಲು. ಮೀನು ನಿಂತು ನಿಂತು ಹತ್ತುತ್ತದೆ. ನಿಮ್ಮೂರಲ್ಲಿ ಹೊಸ ಬ್ಯಾರೇಜಿನ ಮಾತು ಬಂದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ, ಮೀನು ಎಲ್ಲಿ ಹತ್ತುತ್ತದೆ ಅಂತ. ಮೀನು ಹಿಡಿಯುವ ಅಣ್ಣಂದಿರೇ, ಮೊದಲ ಕೆಂಪು ನೀರು ಬಂದಾಗ ಒಡ್ಡಿನ ಬುಡದಲ್ಲಿ ಬಲೆ ಹಾಕಬೇಡಿ. ನಮಸ್ಕಾರ.