ಕಬ್ಬಿಣದ ಮೇಲಿನ ಸಣ್ಣ ಠಸ್ಸೆಗಳು

ಕೇಳುಗರೆಲ್ಲರಿಗೂ ನಮಸ್ಕಾರ.

ಆಯುಧ ಪೂಜೆ ಬಂತೆಂದರೆ ನಮ್ಮ ಕಡೆಯ ಹಳೆಯ ವಾಡೆಗಳಲ್ಲಿ ಗೋಡೆಗೆ ತೂಗುಹಾಕಿದ ಬಂದೂಕು ಕೆಳಗಿಳಿಯುತ್ತದೆ. ಅದನ್ನು ತಿಕ್ಕಿ, ಒರೆಸಿ, ಕುಂಕುಮ ಹಚ್ಚಿ, ಕುಡಗೋಲು ಕೊಡಲಿಯ ಪಕ್ಕ ಇಡುತ್ತಾರೆ. ಕೊಪ್ಪಳ ತಾಲೂಕಿನ ನಮ್ಮ ಮನೆಯಲ್ಲೂ ಹಾಗೇ. ಚಿಕ್ಕವನಿದ್ದಾಗ ಆ ತಿಕ್ಕುವ ಕೆಲಸ ನನ್ನದು. ಮೊದಲು ಹುಣಸೆಹಣ್ಣು, ಆಮೇಲೆ ಬೂದಿ, ಕೊನೆಗೆ ಎಮರಿ ಪೇಪರ್. ಬೆಳ್ಳಿ ಹಾಗೆ ಹೊಳೆಯಬೇಕು ಎನ್ನುತ್ತಿದ್ದರು ಮುತ್ಯಾ. ಹೊಳೆಯಿತು ಕೂಡ. ಆದರೆ ಬಲಗಡೆ ಕೊರೆದಿದ್ದ ಇಸವಿಯಲ್ಲಿ ಕೊನೆಯ ಎರಡು ಅಂಕೆ ನನ್ನ ಕೈಯಲ್ಲೇ ಸವೆದು ಹೋದವು. ಈಗ ಅಲ್ಲಿ 18 ಮಾತ್ರ ಉಳಿದಿದೆ.

ಆ ಎರಡು ಅಂಕೆ ಹುಡುಕುತ್ತಾ ಹೊರಟವನಿಗೆ ಬಂದೂಕಿನ ಮೇಲಿದ್ದ ಬೇರೆ ಗುರುತುಗಳೆಲ್ಲ ಒಂದೊಂದಾಗಿ ಪರಿಚಯವಾದವು.

ನಮ್ಮದು ಮಾರ್ಟಿನಿ-ಹೆನ್ರಿ. ಒಂದು ಸಲಕ್ಕೆ ಒಂದೇ ತೋಟಾ. ಕೆಳಗಿನ ಸನ್ನೆಕೋಲನ್ನು ಎಳೆದರೆ ನಳಿಗೆಯ ಹಿಂಬದಿ ತೆರೆಯುತ್ತದೆ, ತೋಟಾ ಇಟ್ಟು ಮೇಲೆತ್ತಿದರೆ ಮುಚ್ಚುತ್ತದೆ. ಬ್ರಿಟಿಷ್ ಸೈನ್ಯ ಇದನ್ನು 1871ರಲ್ಲಿ ಒಪ್ಪಿಕೊಂಡಿತು. ಇಂಥ ಬಂದೂಕುಗಳು ನಮ್ಮ ಸೀಮೆಯಲ್ಲಿ ಇರುವುದು ಆಶ್ಚರ್ಯವಲ್ಲ. ಬಳ್ಳಾರಿ 1800ರಲ್ಲೇ ಕಂಪನಿ ಕೈಗೆ ಹೋಗಿ ದೊಡ್ಡ ದಂಡಿನ ಊರಾಯಿತು. ನಿಜಾಮರ ಸೀಮೆಯಲ್ಲಿ ಲಿಂಗಸುಗೂರಿನಲ್ಲೂ ಛಾವಣಿ ಇತ್ತು.

ಬಲಗಡೆಯ ದೊಡ್ಡ ಬರಹ ಯಾರಿಗಾದರೂ ಕಾಣುತ್ತದೆ. ಮೇಲೆ ಕಿರೀಟ, ಅದರ ಕೆಳಗೆ ವಿ.ಆರ್. ಅಂದರೆ ವಿಕ್ಟೋರಿಯಾ ರಾಣಿ. ಅದರ ಕೆಳಗೆ ಮಾಡಿದವರ ಹೆಸರು. ನಮ್ಮದರಲ್ಲಿ ಬಿ.ಎಸ್.ಎ. ಅಂಡ್ ಎಂ. ಕೊ. ಎಂದಿದೆ. ಬಿಎಸ್‌ಎ ಅಂದರೆ ನಮಗೆ ಸೈಕಲ್ ಅಲ್ವಾ? ಆ ಹೆಸರಿನ ಮೂಲ ಬಂದೂಕೇ. ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್ ಎಂಬ ಕಂಪನಿಯನ್ನು 1861ರಲ್ಲಿ ಅಲ್ಲಿನ ಬಂದೂಕು ಕಸುಬಿನವರು ಸೇರಿ ಕಟ್ಟಿದರು. ಹೆಸರಿಗೆ ಮೆಟಲ್‌ನ ಆ 'ಎಂ' ಸೇರಿದ್ದು 1873ರಲ್ಲಿ. ಎಲ್ಲಕ್ಕಿಂತ ಕೆಳಗೆ ಮೂರು ಉದ್ದ ಗೀಟು. ಅದು ರೋಮನ್ ಮೂರು, ಮಾರ್ಟಿನಿಯ ಮೂರನೆಯ ಮಾದರಿ. ಆ ಮಾದರಿ ಬಂದದ್ದು 1879ರಲ್ಲಿ. ನಾನು ಅಳಿಸಿದ್ದ ಇಸವಿ ಪೂರ್ತಿ ಸಿಗಲಿಲ್ಲ, ಆದರೆ ನಮ್ಮ ಬಂದೂಕು 1879ಕ್ಕಿಂತ ಹಿಂದಿನದಲ್ಲ ಎಂದು ಆ ಮೂರು ಗೀಟು ಹೇಳಿದವು. ಆವತ್ತು ನನಗಾದ ಸಮಾಧಾನ ಅಷ್ಟಿಷ್ಟಲ್ಲ.

ಜನರನ್ನು ಜಾಸ್ತಿ ಗೊಂದಲಕ್ಕೆ ತಳ್ಳುವುದು ಸಣ್ಣ ಠಸ್ಸೆಗಳು. ಸಾಸಿವೆಗಿಂತ ಸ್ವಲ್ಪ ದೊಡ್ಡ ಕಿರೀಟ, ಕೆಳಗೊಂದು ಅಂಕೆ, ಅದರ ಕೆಳಗೆ 'ಇ' ಅಥವಾ 'ಬಿ'. ಸ್ಕ್ರೂ ಪಕ್ಕ, ನಳಿಗೆಯ ಬುಡ, ಎಲ್ಲಿ ನೋಡಿದರೂ ಅದೇ. ಅವು ತಪಾಸಣೆ ಮಾಡಿದವರ ಗುರುತು. 'ಇ' ಅಂದರೆ ಇಂಗ್ಲೆಂಡಿನ ಸರಕಾರಿ ಬಂದೂಕು ಕಾರ್ಖಾನೆ ಇದ್ದ ಎನ್‌ಫೀಲ್ಡ್, 'ಬಿ' ಅಂದರೆ ಬರ್ಮಿಂಗ್‌ಹ್ಯಾಮ್. ಅಂಕೆ ಆ ತಪಾಸಣೆಗಾರನದು. ಈ ಭಾಗ ನನ್ನ ಕೈ ದಾಟಿ ಹೋಗಿದೆ, ಸರಿಯಿದೆ ಎಂದು ಒಬ್ಬ ಮನುಷ್ಯ ಒತ್ತಿದ ಠಸ್ಸೆ ಅದು. ನನಗಂತೂ ರಾಣಿಯ ಕಿರೀಟಕ್ಕಿಂತ ಈ ಪುಟ್ಟ ಠಸ್ಸೆಯೇ ದೊಡ್ಡದು.

ಕೋಳಿ ಕಾಲಿನಂಥ ಮೂರು ಗೀಟಿನ ಬಾಣ ಇದ್ದರೆ ಅದು ಸರಕಾರದ ಸೊತ್ತು. ಬಾಣದ ಕೆಳಗೆ 'ಐ' ಇದ್ದರೆ ಭಾರತ ಸರಕಾರದ್ದು. ಎರಡು ಬಾಣ ಮೂತಿಗೆ ಮೂತಿ ಕೊಟ್ಟು ನಿಂತಿದ್ದರೆ ನೋಡಲು ಆಕಾಶದ ಚುಕ್ಕಿಯ ಹಾಗಿರುತ್ತದೆ. ಅದು ಸೈನ್ಯದಿಂದ ಮಾರಿ ಹೊರಹಾಕಿದ ಗುರುತು.

ಪರಿಚಯದವರೊಬ್ಬರ ಮನೆಯಲ್ಲಿ ಇನ್ನೂ ಹಳೆಯದೊಂದಿದೆ. ಬಾಯಿಂದ ಮದ್ದು ತುಂಬುವ ಎನ್‌ಫೀಲ್ಡ್ ಮಾದರಿ. ನಳಿಗೆಯ ಮೇಲೆ 25 ಎಂದು ಎರಡು ಕಡೆ ಒತ್ತಿದೆ. ಇದು 1825ರದ್ದು ಎಂದೇ ಮನೆಯವರು ಮೂರು ತಲೆಮಾರು ನಂಬಿದ್ದರು. ಅದು ಇಸವಿಯಲ್ಲ, ನಳಿಗೆಯ ಅಳತೆ. ಒಂದು ಪೌಂಡು ಸೀಸದಲ್ಲಿ ಒಂದೇ ಸಮನಾದ 25 ಗುಂಡು ಮಾಡಿದರೆ ಒಂದು ಗುಂಡು ಎಷ್ಟು ದಪ್ಪವೋ ನಳಿಗೆಯ ಬಾಯಿ ಅಷ್ಟು. ಅಂದರೆ 14.5 ಮಿಲಿಮೀಟರ್ ಆಸುಪಾಸು. ಅದೇ ಬಂದೂಕಿನ ಸ್ಕ್ರೂ ಬಿಚ್ಚಿದಾಗ ಒಳಗೆ ಅರದಿಂದ ಗೀರಿದ ಸಣ್ಣ ಕಚ್ಚುಗಳು ಕಂಡವು. ಒಂದು ಸ್ಕ್ರೂ ಮೇಲೆ ಒಂದು ಕಚ್ಚು, ಇನ್ನೊಂದರ ಮೇಲೆ ಎರಡು, ಮತ್ತೊಂದರ ಮೇಲೆ ಮೂರು. ಕೈಯಿಂದ ಹೊಂದಿಸಿ ಕೂರಿಸಿದ ಬಂದೂಕಿನಲ್ಲಿ ಒಂದರ ಸ್ಕ್ರೂ ಇನ್ನೊಂದರ ತೂತಿಗೆ ಕೂಡುವುದಿಲ್ಲ. ಅದಕ್ಕೇ ಕೆಲಸಗಾರ ಎಣಿಸಿ ಗುರುತು ಹಾಕಿಟ್ಟ. ಬಡಿಗೇರ ಮನೆಯಲ್ಲಿ ಬಾಗಿಲ ಚೌಕಟ್ಟಿನ ಕೂಡುಗಳಿಗೆ ಗೀಟು ಹಾಕುವುದನ್ನು ನೋಡಿದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ.

ನಕಲಿಗಳೂ ಇವೆ. ಖೈಬರ್ ಕಣಿವೆಯ ಕಡೆ ಕೈಯಿಂದ ಮಾಡಿದ ಮಾರ್ಟಿನಿಗಳಲ್ಲಿ ಎನ್‌ಫೀಲ್ಡ್ ಹೆಸರಿನ 'ಎನ್' ಅಕ್ಷರ ಎಷ್ಟೋ ಸಲ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿರುತ್ತದೆ. ವಿ.ಆರ್. ಕೆಳಗೆ 1903 ಎಂದಿದ್ದರೂ ಅನುಮಾನ ಪಡಿ. ವಿಕ್ಟೋರಿಯಾ ತೀರಿಕೊಂಡದ್ದು 1901ರ ಜನವರಿಯಲ್ಲಿ.

ನಿಮ್ಮ ಮನೆಯಲ್ಲಿ ಇಂಥದ್ದಿದ್ದರೆ ಮೊದಲು ಕಾಗದಪತ್ರ ಸರಿಯಿದೆಯೇ ಎಂದು ಪೊಲೀಸ್ ಠಾಣೆಯಲ್ಲಿ ಕೇಳಿಕೊಳ್ಳಿ. ಒಳಗೆ ಹಳೆಯ ಮದ್ದು ಉಳಿದಿರಬಹುದು, ತಿಳಿದವರು ನೋಡುವ ತನಕ ಬಂದೂಕಿನ ಕುದುರೆ, ಅಂದರೆ ಟ್ರಿಗರ್, ಎಳೆಯಲೇಬೇಡಿ. ಗುರುತು ಓದಲು ತಿಕ್ಕುವುದು ಬೇಡ. ಬೆಳಗಿನ ಓರೆ ಬಿಸಿಲಿಗೆ ಹಿಡಿಯಿರಿ. ತೆಳು ಕಾಗದ ಇಟ್ಟು ಮೇಲೆ ಪೆನ್ಸಿಲ್ಲನ್ನು ಅಡ್ಡ ಮಲಗಿಸಿ ಮೆಲ್ಲಗೆ ಸವರಿ. ಕಣ್ಣಿಗೆ ಕಾಣದ ಅಕ್ಷರ ಕಾಗದದ ಮೇಲೆ ಏಳುತ್ತದೆ.

ನಮ್ಮ ಮನೆಯಲ್ಲಿ ಈಗ ಎಮರಿ ಪೇಪರ್ ಇಲ್ಲ. ಹೊಲಿಗೆ ಮಷಿನ್ನಿನ ಎಣ್ಣೆ ಹಚ್ಚಿದ ಹತ್ತಿ ಬಟ್ಟೆಯಿಂದ ಒರೆಸುತ್ತೇವೆ, ಅಷ್ಟೇ. ಹಸಿ ಕುಂಕುಮ ಠಸ್ಸೆಯೊಳಗೆ ಕೂತು ತುಕ್ಕು ಹಿಡಿಸುತ್ತದೆ ಎಂದು ಅವ್ವನಿಗೆ ಹೇಳಿದ್ದೆ. ಕಳೆದ ವರ್ಷ ಅವರು ಕುಂಕುಮವನ್ನು ಮರದ ಹಿಡಿಕೆಗೆ ಹಚ್ಚಿದರು.

ನಮಸ್ಕಾರ.